ಮಕ್ಕಳ ನೈತಿಕ ವಿಕಾಸ ಮತ್ತು ಶಾಲೆಯಲ್ಲಿ ನೀತಿ ಶಿಕ್ಷಣ

ಸರಿ-ತಪ್ಪುಗಳ ಅರಿವು ಮಗುವಿನಲ್ಲಿ ಹೇಗೆ ಮೂಡುತ್ತದೆ, ಬೆಳೆದಂತೆ ಅದು ಹೇಗೆ ಮಾರ್ಪಡುತ್ತದೆ, ಆ ಅರಿವು ನಡತೆಗೆ ಇಳಿಯುವುದು ಯಾವಾಗ ಎಂಬುದನ್ನು ಅಭ್ಯಾಸ ಮಾಡುವ ಮನೋವಿಜ್ಞಾನದ ವಿಭಾಗಕ್ಕೆ ನೈತಿಕ ವಿಕಾಸದ ಅಧ್ಯಯನವೆಂದು ಹೆಸರು. ಬುದ್ಧಿ, ಭಾಷೆ, ಭಾವನೆ, ಒಡನಾಟ ಎಂಬ ಶಿಶುವಿಕಾಸದ ಉಳಿದ ಮುಖಗಳೊಂದಿಗೆ ಇದು ಹೆಣೆದುಕೊಂಡಿದೆ. ಈ ಅರಿವನ್ನು ಬೆಳೆಸಲು ಶಾಲೆ ಬೇಕೆಂದೇ ಮಾಡುವ ಪ್ರಯತ್ನ ನೀತಿ ಶಿಕ್ಷಣ. ಈಚಿನ ಬಳಕೆಯಲ್ಲಿ ಮೌಲ್ಯ ಶಿಕ್ಷಣ. ಕರ್ನಾಟಕದಲ್ಲಿ ಡಿ.ಎಡ್., ಬಿ.ಎಡ್. ಓದುವವರಿಗೂ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕೂರುವವರಿಗೂ ಪಿಯಾಜೆ, ಕೋಲ್‌ಬರ್ಗ್, ಎರಿಕ್‌ಸನ್, ವೈಗೋಟ್‌ಸ್ಕಿ ಪರಿಚಿತ ಹೆಸರುಗಳು. ಆದರೆ ಇವರ ಸಿದ್ಧಾಂತಗಳು ಹಂತಗಳ ಪಟ್ಟಿಯಾಗಿ ಬಾಯಿಪಾಠವಾದಷ್ಟು ತರಗತಿಯ ನಡವಳಿಕೆಯಾಗಿ ಇಳಿದಿಲ್ಲ.

ಪದದ ಅರ್ಥವ್ಯಾಪ್ತಿ

'ನೀತಿ' ಎಂಬುದು ಒಯ್ಯು, ನಡೆಸು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದ ಪದ. ರಾಜನೀತಿ, ಯುದ್ಧನೀತಿ, ಆರ್ಥಿಕ ನೀತಿ ಎನ್ನುವಾಗ ಅದು ಜಾಣತನದ ನಡೆ. ನೀತಿವಂತ ಎನ್ನುವಾಗ ಸದಾಚಾರ. ಈ ಎರಡು ಅರ್ಥಗಳ ಬೆರಕೆ ನಮ್ಮ ನೀತಿಕಥೆಗಳಲ್ಲೂ ಇದೆ. 11ನೆಯ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದ ಮೂಲ ಉದ್ದೇಶ ಓದು ಹತ್ತದ ರಾಜಕುಮಾರರಿಗೆ ಲೋಕವ್ಯವಹಾರ ಕಲಿಸುವುದು. ಮೊಸಳೆಯ ಕೈಯಿಂದ ಪಾರಾಗಲು ತನ್ನ ಗುಂಡಿಗೆ ಮರದಲ್ಲೇ ಉಳಿದಿದೆ ಎಂದು ಸುಳ್ಳು ಹೇಳುವ ಕೋತಿ ಅಲ್ಲಿ ಜಾಣ. ಗೋವಿನ ಹಾಡಿನ ಪುಣ್ಯಕೋಟಿಯಾದರೋ ಕೊಟ್ಟ ಮಾತಿಗಾಗಿ ಹುಲಿಯ ಬಾಯಿಗೆ ತಾನೇ ನಡೆದುಹೋಗುತ್ತದೆ. ಒಂದೇ ತರಗತಿಯ ಮಕ್ಕಳು ಈ ಎರಡನ್ನೂ ಕೇಳಿ ಬೆಳೆಯುತ್ತಾರೆ. ಯಾವಾಗ ಯಾವುದು ಸರಿ ಎಂದು ಅಳೆದು ನೋಡುವ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದೇ ನೈತಿಕ ವಿಕಾಸದ ಮೂಲ ಪ್ರಶ್ನೆ.

ಹಿನ್ನೆಲೆ

ಯುರೋಪಿನಲ್ಲಿ ಜಾನ್ ಲಾಕ್ ಶಿಕ್ಷಣ ಕುರಿತ ತನ್ನ ಗ್ರಂಥದಲ್ಲಿ (1693) ಒಳ್ಳೆಯ ಅಭ್ಯಾಸಗಳನ್ನು ಎಳವೆಯಲ್ಲೇ ರೂಢಿಸಬೇಕೆಂದ. 'ಎಮಿಲ್' ಕೃತಿಯಲ್ಲಿ (1762) ರೂಸೋ ಇದನ್ನು ತಿರುವಿಹಾಕಿ, ಮಗು ಹುಟ್ಟಾ ಒಳ್ಳೆಯದು, ಉಪದೇಶಕ್ಕಿಂತ ತನ್ನ ಕ್ರಿಯೆಯ ಫಲವನ್ನು ತಾನೇ ಉಂಡು ಕಲಿಯಲಿ ಎಂದು ವಾದಿಸಿದ. ಫ್ರಾನ್ಸ್ 1882ರಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳಿಂದ ಧರ್ಮಬೋಧೆಯನ್ನು ತೆಗೆದು ನೀತಿ ಮತ್ತು ಪೌರನೀತಿಯ ಪಾಠವನ್ನು ತಂದಿತು. ಮತದ ಆಸರೆಯಿಲ್ಲದೆ ನೀತಿಯನ್ನು ಕಲಿಸುವುದು ಹೇಗೆಂಬ ಸಮಸ್ಯೆ ಆಗ ಎದುರಾಯಿತು. ಸಮಾಜಶಾಸ್ತ್ರಜ್ಞ ಎಮಿಲ್ ದುರ್ಖೈಮ್ 1902-03ರಲ್ಲಿ ಸೊರ್ಬಾನ್‌ನಲ್ಲಿ ಕೊಟ್ಟ ಉಪನ್ಯಾಸಗಳು ಈ ಸಮಸ್ಯೆಗೆ ಉತ್ತರ. ಶಿಸ್ತು, ಗುಂಪಿನ ಮೇಲಣ ಮಮತೆ, ತಿಳಿದು ಒಪ್ಪುವ ಸ್ವಾತಂತ್ರ್ಯ ಎಂಬ ಮೂರನ್ನು ಆತ ನೀತಿಯ ಅಂಗಗಳೆಂದ. ಮಗುವಿಗೆ ಸಮಾಜದ ಪ್ರತಿನಿಧಿ ಶಿಕ್ಷಕ. ನೀತಿ ಆತನ ಮೂಲಕ ಹಿರಿಯರಿಂದ ಕಿರಿಯರಿಗೆ ಇಳಿಯುತ್ತದೆ ಎಂಬುದು ಆತನ ನಿಲುವು. ಅಮೆರಿಕದಲ್ಲಿ ಜಾನ್ ಡ್ಯೂಯಿ 1909ರ ಕಿರುಗ್ರಂಥದಲ್ಲಿ ಇನ್ನೊಂದು ಭೇದವನ್ನು ತೋರಿದ: ನೀತಿಯನ್ನು ಕುರಿತ ತಿಳಿವಳಿಕೆ ಬೇರೆ, ನಡತೆಯನ್ನು ತಿದ್ದುವ ಜೀವಂತ ತಿಳಿವಳಿಕೆ ಬೇರೆ. ಮೊದಲನೆಯದನ್ನು ಪಾಠ ಹೇಳಿ ಕೊಡಬಹುದು, ಎರಡನೆಯದನ್ನು ಹಾಗೆ ಕೊಡಲಾಗದು.

ಪಿಯಾಜೆ ಮತ್ತು ಗೋಲಿಯಾಟ

ದುರ್ಖೈಮನಿಗೆ ನೇರವಾಗಿ ಎದುರು ನಿಂತವನು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896-1980). ಮಗುವಿನ ಬುದ್ಧಿವಿಕಾಸವನ್ನು ನಾಲ್ಕು ಹಂತಗಳಾಗಿ ವಿವರಿಸಿ ಹೆಸರಾದವನು ಈತ: ಮುಟ್ಟಿ ನೋಡಿ ತಿಳಿಯುವ ಸಂವೇದನ-ಚಾಲಕ ಹಂತ (ಎರಡು ವರ್ಷದವರೆಗೆ), ಕ್ರಿಯಾಪೂರ್ವ ಹಂತ (ಏಳರವರೆಗೆ), ಮೂರ್ತ ಕ್ರಿಯಾ ಹಂತ (ಹನ್ನೊಂದರವರೆಗೆ), ಅಮೂರ್ತ ಕ್ರಿಯಾ ಹಂತ. ಮಕ್ಕಳ ನೈತಿಕ ನಿರ್ಣಯವನ್ನು ಕುರಿತ ಆತನ ಗ್ರಂಥ 1932ರಲ್ಲಿ ಪ್ರಕಟವಾಯಿತು. ಅದಕ್ಕಾಗಿ ಆತ ಜಿನೀವಾ ಮತ್ತು ನ್ಯೂಶಾಟೆಲ್‌ನ ಹುಡುಗರೊಂದಿಗೆ ನೆಲದ ಮೇಲೆ ಕೂತು ಗೋಲಿಯಾಡುತ್ತ, ಆಟದ ನಿಯಮ ಯಾವುದು, ಅದನ್ನು ಮಾಡಿದವರಾರು, ಬದಲಿಸಬಹುದೇ ಎಂದು ಕೇಳುತ್ತಿದ್ದ.

ಉತ್ತರಗಳಲ್ಲಿ ಒಂದು ಕ್ರಮ ಕಂಡಿತು. ತೀರ ಚಿಕ್ಕವರಿಗೆ ಗೋಲಿ ಉರುಳಿಸುವುದೇ ಸುಖ. ಮೂರರಿಂದ ಐದಾರು ವರ್ಷದವರು ದೊಡ್ಡವರಂತೆ ಆಡುತ್ತಾರೆ, ಆದರೆ ತಮ್ಮ ಪಾಡಿಗೆ; ಎಲ್ಲರೂ ಒಟ್ಟಿಗೆ ಗೆದ್ದರೂ ಅವರಿಗೆ ಬೇಸರವಿಲ್ಲ. ನಮ್ಮ ಬೀದಿಯಲ್ಲಿ ಇಂಥ ತಮ್ಮ-ತಂಗಿಯರನ್ನು ಸೇರಿಸಿಕೊಳ್ಳಲು ಮಕ್ಕಳೇ ಮಾಡಿಕೊಂಡಿರುವ ವ್ಯವಸ್ಥೆ 'ಆಟಕ್ಕುಂಟು ಲೆಕ್ಕಕ್ಕಿಲ್ಲ'. ಏಳೆಂಟು ವರ್ಷಕ್ಕೆ ಗೆಲುವು-ಸೋಲು, ಕಳ್ಳಾಟ, ಜಗಳ ಶುರುವಾಗುತ್ತವೆ. ಒಂದೇ ನಿಯಮಕ್ಕೆ ಎಲ್ಲರೂ ಒಳಪಡಬೇಕೆಂಬ ಒತ್ತಾಯ ಬರುತ್ತದೆ. ಹನ್ನೊಂದು-ಹನ್ನೆರಡರ ಹೊತ್ತಿಗೆ ನಿಯಮಗಳ ಚರ್ಚೆಯೇ ಆಟದಷ್ಟು ರುಚಿಸುತ್ತದೆ. ಇದರಲ್ಲಿ ಪಿಯಾಜೆ ಗಮನಿಸಿದ ವಿಚಿತ್ರ ಒಂದಿದೆ. ನಿಯಮವನ್ನು ದೇವರೋ ಹಿರಿಯರೋ ಮಾಡಿದ್ದು, ಬದಲಿಸಬಾರದು ಎನ್ನುವ ಚಿಕ್ಕವರೇ ಅದನ್ನು ಹೆಜ್ಜೆಹೆಜ್ಜೆಗೂ ಮುರಿಯುತ್ತಾರೆ. ಎಲ್ಲರೂ ಒಪ್ಪಿದರೆ ಬದಲಿಸಬಹುದು ಎನ್ನುವ ದೊಡ್ಡವರು ಅದನ್ನು ಪಾಲಿಸುತ್ತಾರೆ.

ಎರಡನೆಯ ಸಾಧನ ಜೋಡಿ ಕಥೆಗಳು. ಊಟಕ್ಕೆ ಕರೆದಾಗ ಬಾಗಿಲು ತಳ್ಳಿದ ಹುಡುಗನಿಂದ, ಬಾಗಿಲ ಹಿಂದೆ ತಟ್ಟೆಯಲ್ಲಿದ್ದ 15 ಬಟ್ಟಲುಗಳು ಒಡೆದವು. ಇನ್ನೊಬ್ಬ ಅಮ್ಮನಿಲ್ಲದ ಹೊತ್ತಲ್ಲಿ ಬೀರುವಿನಿಂದ ಜಾಮ್ ಕದಿಯಲು ಹತ್ತಿ ಒಂದು ಬಟ್ಟಲು ಒಡೆದ. ಹೆಚ್ಚು ತಪ್ಪಿತಸ್ಥ ಯಾರು? ಚಿಕ್ಕವರು ಒಡೆದ ಬಟ್ಟಲನ್ನು ಎಣಿಸಿದರು. ದೊಡ್ಡವರು ಮನಸ್ಸಿನಲ್ಲಿದ್ದುದನ್ನು ನೋಡಿದರು. ಮೊದಲನೆಯದನ್ನು ಪಿಯಾಜೆ ಪರಾಧೀನ ನೈತಿಕತೆ ಎಂದ, ಎರಡನೆಯದನ್ನು ಸ್ವಾಯತ್ತ ನೈತಿಕತೆ ಎಂದ. ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಹಿರಿಯರ ಬೋಧೆಯಲ್ಲ, ಸರೀಕರ ಒಡನಾಟ. ಸಮಾನರ ನಡುವಿನ ಜಗಳ ಮತ್ತು ರಾಜಿಯಲ್ಲಿ ನ್ಯಾಯದ ಅರಿವು ಹುಟ್ಟುತ್ತದೆ ಎಂಬುದು ಆತನ ತೀರ್ಮಾನ. ಕಥೆಗಳಲ್ಲಿ ಉದ್ದೇಶ ಮತ್ತು ನಷ್ಟ ಒಂದರೊಳಗೊಂದು ಬೆರೆತಿವೆ ಎಂಬ ಆಕ್ಷೇಪ ಮುಂದೆ ಬಂತು. ಉದ್ದೇಶವನ್ನು ಚಿತ್ರಗಳಲ್ಲಿ ಸ್ಪಷ್ಟಪಡಿಸಿದಾಗ ಮೂರು ವರ್ಷದ ಮಕ್ಕಳೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಪ್ರಯೋಗಗಳಲ್ಲಿ ಕಂಡಿದೆ.

ಕೋಲ್‌ಬರ್ಗನ ಹಂತಗಳು

ಅಮೆರಿಕದ ಲಾರೆನ್ಸ್ ಕೋಲ್‌ಬರ್ಗ್ (1927-1987) ಷಿಕಾಗೋ ವಿಶ್ವವಿದ್ಯಾಲಯಕ್ಕೆ 1958ರಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ 10ರಿಂದ 16 ವರ್ಷದ ಹುಡುಗರ ಮುಂದೆ ಧರ್ಮಸಂಕಟದ ಕಥೆಗಳನ್ನಿಟ್ಟ. ಪ್ರಸಿದ್ಧವಾದದ್ದು ಹೈನ್ಜ್‌ನ ಕಥೆ. ಹೆಂಡತಿ ಸಾಯುವ ಸ್ಥಿತಿಯಲ್ಲಿದ್ದಾಳೆ. 200 ಡಾಲರಿನಲ್ಲಿ ತಯಾರಾಗುವ ಔಷಧಕ್ಕೆ ಅಂಗಡಿಯವನು 2,000 ಡಾಲರ್ ಕೇಳುತ್ತಾನೆ. ಹೈನ್ಜ್‌ಗೆ ಸಾಲ ಸೋಲ ಮಾಡಿ ಹೊಂದಿಸಲಾದದ್ದು ಅರ್ಧ ಮಾತ್ರ. ಆತ ಔಷಧ ಕದಿಯಬೇಕೇ? ಕದಿಯಬೇಕು, ಕೂಡದು ಎಂಬ ಉತ್ತರಕ್ಕಿಂತ ಅದಕ್ಕೆ ಕೊಟ್ಟ ಕಾರಣ ಕೋಲ್‌ಬರ್ಗನಿಗೆ ಮುಖ್ಯ. ಈ ಕಾರಣಗಳನ್ನು ಆತ ಪೂರ್ವ ಸಾಂಪ್ರದಾಯಿಕ, ಸಾಂಪ್ರದಾಯಿಕ, ಸಾಂಪ್ರದಾಯಿಕೋತ್ತರ ಎಂಬ ಮೂರು ಸ್ತರಗಳಲ್ಲಿ, ಒಂದೊಂದರಲ್ಲಿ ಎರಡರಂತೆ ಆರು ಹಂತಗಳಾಗಿ ಜೋಡಿಸಿದ.

ಹೈನ್ಜ್‌ನ ಬದಲು ನಮ್ಮ ಶಾಲೆಯ ನಿತ್ಯದ ದೃಶ್ಯವೊಂದನ್ನು ಇಟ್ಟುಕೊಂಡರೆ ಹಂತಗಳು ಇನ್ನೂ ತಿಳಿಯಾಗುತ್ತವೆ. ಮೇಷ್ಟ್ರು ಹೊರಗೆ ಹೋಗುವಾಗ ಮಾನಿಟರ್ ಕೈಗೆ ಸೀಮೆಸುಣ್ಣ ಕೊಟ್ಟು, ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆ ಎನ್ನುತ್ತಾರೆ. ಮಾತಾಡಿದವನು ಮಾನಿಟರನ ಆಪ್ತ ಗೆಳೆಯ. 'ಬರೆಯದಿದ್ದರೆ ನನಗೇ ಏಟು' ಎನ್ನುವುದು ಒಂದನೆಯ ಹಂತ. 'ಈಗ ಬಿಟ್ಟರೆ ಅವನು ಮಾನಿಟರ್ ಆದಾಗ ನನ್ನ ಹೆಸರು ಬಿಡುತ್ತಾನೆ' ಎಂಬ ಲೆಕ್ಕಾಚಾರ ಎರಡನೆಯದು. 'ಒಳ್ಳೆಯ ಗೆಳೆಯ ಹೀಗೆ ಮಾಡುವುದಿಲ್ಲ' ಎನ್ನುವುದು ಮೂರು. 'ಎಲ್ಲರೂ ತಮ್ಮವರನ್ನು ಬಿಡುತ್ತ ಹೋದರೆ ತರಗತಿ ನಡೆಯುವುದು ಹೇಗೆ' ಎಂಬುದು ನಾಲ್ಕು. 'ಒಬ್ಬನ ಕೈಲಿ ಎಲ್ಲರ ದೂರು ಬರೆಸುವ ನಿಯಮವೇ ಸರಿಯೇ, ಕೂತು ಬೇರೊಂದನ್ನು ಮಾಡೋಣ' ಎನ್ನುವುದು ಐದು. ನಿಯಮ ಏನೇ ಇರಲಿ, ಯಾರ ಜಾಗದಲ್ಲಿ ನಿಂತು ನೋಡಿದರೂ ನ್ಯಾಯವೆನಿಸುವ ತತ್ತ್ವಕ್ಕೆ ಬದ್ಧನಾಗುವುದು ಆರನೆಯದು. ಮೇಲಿನ ಕಾರಣಗಳಲ್ಲಿ ಕೆಲವು ಹೆಸರು ಬರೆಯುವತ್ತ, ಕೆಲವು ಬಿಡುವತ್ತ ವಾಲುತ್ತವೆ. ಯಾವ ಹಂತದಲ್ಲೂ ಎರಡೂ ಸಾಧ್ಯ.

ಮೊದಲ ಹುಡುಗರಲ್ಲಿ ಹಲವರನ್ನು ಮೂರು-ನಾಲ್ಕು ವರ್ಷಕ್ಕೊಮ್ಮೆ ಮತ್ತೆ ಭೇಟಿಮಾಡಿ ಸುಮಾರು 20 ವರ್ಷ ಹಿಂಬಾಲಿಸಿದ ಅಧ್ಯಯನ 1983ರಲ್ಲಿ ಪ್ರಕಟವಾಯಿತು. ಮೆಟ್ಟಿಲು ಹಾರಿದವರಿಲ್ಲ, ಹಿಂದೆ ಬಿದ್ದವರು ತೀರ ಕಡಿಮೆ; ಆದರೆ ಹೆಚ್ಚಿನವರು ನಾಲ್ಕನೆಯ ಹಂತದ ಆಸುಪಾಸಿನಲ್ಲೇ ನಿಂತರು. ಆರನೆಯ ಹಂತಕ್ಕೆ ಸಾಕಷ್ಟು ಉದಾಹರಣೆ ಸಿಗದೆ ಅಂಕ ನೀಡುವ ಕೈಪಿಡಿಯಿಂದ ಅದನ್ನು ಕೈಬಿಡಬೇಕಾಯಿತು.

ಆಕ್ಷೇಪಗಳು ಮತ್ತು ಮೈಸೂರಿನ ಅಧ್ಯಯನ

ಕೋಲ್‌ಬರ್ಗನ ಸಹೋದ್ಯೋಗಿಯಾಗಿದ್ದ ಕ್ಯಾರಲ್ ಗಿಲಿಗನ್ 1982ರ ಗ್ರಂಥದಲ್ಲಿ, ಹುಡುಗರನ್ನಷ್ಟೇ ಕೇಳಿ ಕಟ್ಟಿದ ಅಳತೆಗೋಲಿನಿಂದ ಎಲ್ಲರನ್ನೂ ಅಳೆಯಲಾಗದು ಎಂದಳು. ನ್ಯಾಯದ ದನಿಯೊಂದಿಗೆ ಆರೈಕೆಯ ದನಿಯೂ ಇದೆ. ಹೈನ್ಜ್ ಕದಿಯಬೇಕೇ ಎಂಬ ಪ್ರಶ್ನೆಗೆ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಅಂಗಡಿಯವನೊಂದಿಗೆ ಮಾತಾಡಿ ದಾರಿ ಹುಡುಕಬಾರದೇಕೆ ಎಂದು ಉತ್ತರಿಸಿದರೆ ಅದು ಕೆಳಗಿನ ಹಂತವಲ್ಲ, ಬೇರೆಯೇ ನೋಟ. ಹಂತಗಳ ಅಂಕದಲ್ಲಿ ಹುಡುಗ-ಹುಡುಗಿಯರ ನಡುವೆ ಗಣನೀಯ ಅಂತರವಿಲ್ಲವೆಂದು 1984ರ ಸಮೀಕ್ಷೆ ತೋರಿಸಿತು. ಆದರೂ ಆರೈಕೆಯನ್ನು ನೀತಿಯ ತಿರುಳೆಂದು ನೋಡುವ ದೃಷ್ಟಿ ಉಳಿಯಿತು. ನೆಲ್ ನಾಡಿಂಗ್ಸ್ ಅದನ್ನು ಶಾಲೆಗೆ ಅನ್ವಯಿಸಿದಳು.

ಎಲಿಯಟ್ ಟುರಿಯಲ್ ಮತ್ತು ಸಂಗಡಿಗರ ಆಕ್ಷೇಪ ಬೇರೆ. ಮೂರು-ನಾಲ್ಕು ವರ್ಷದ ಮಕ್ಕಳೇ ನೀತಿಗೂ ರೂಢಿಗೂ ನಡುವಿನ ಗೆರೆಯನ್ನು ಬಲ್ಲರು. 'ಶನಿವಾರ ಬಿಳಿ ಯೂನಿಫಾರ್ಮ್ ಬೇಡ ಎಂದು ಟೀಚರ್ ಹೇಳಿದರೆ?' 'ಹಾಗಾದರೆ ಪರವಾಗಿಲ್ಲ.' 'ಪಕ್ಕದವನನ್ನು ಹೊಡೆಯಬಹುದು ಎಂದು ಟೀಚರ್ ಹೇಳಿದರೆ?' 'ಆದರೂ ತಪ್ಪು, ಅವನಿಗೆ ನೋವಾಗುತ್ತೆ.' ಇಂಥ ಪ್ರಶ್ನೆಗಳಿಗೆ ಅನೇಕ ದೇಶಗಳ ಮಕ್ಕಳು ಹೆಚ್ಚುಕಡಿಮೆ ಇದೇ ಬಗೆಯಲ್ಲಿ ಉತ್ತರಿಸಿದ್ದಾರೆ.

ಈ ಗೆರೆ ಎಲ್ಲೆಡೆ ಒಂದೇ ಜಾಗದಲ್ಲಿದೆಯೇ? ರಿಚರ್ಡ್ ಶ್ವೇಡರ್ ಮತ್ತು ಸಹೋದ್ಯೋಗಿಗಳು ಭುವನೇಶ್ವರ ಮತ್ತು ಷಿಕಾಗೋದ ಮಕ್ಕಳು-ಹಿರಿಯರ ಮುಂದೆ 39 ಸನ್ನಿವೇಶಗಳನ್ನಿಟ್ಟು 1987ರಲ್ಲಿ ಫಲಿತಾಂಶ ಪ್ರಕಟಿಸಿದರು. ತಂದೆ ತೀರಿಕೊಂಡ ಮರುದಿನ ಹಿರಿಯ ಮಗ ಕ್ಷೌರ ಮಾಡಿಸಿಕೊಂಡು ಕೋಳಿ ತಿಂದದ್ದು ಭುವನೇಶ್ವರದ ಬ್ರಾಹ್ಮಣ ಮಕ್ಕಳ ಕಣ್ಣಿಗೆ ಘೋರ ಅಪರಾಧ. ಷಿಕಾಗೋದ ಮಕ್ಕಳಿಗೆ ಅದು ಅಪರಾಧವೇ ಅಲ್ಲ. ಜೋನ್ ಮಿಲ್ಲರ್ ಮತ್ತು ಸಂಗಡಿಗರು 1990ರ ಆಸುಪಾಸಿನಲ್ಲಿ ಮೈಸೂರಿನ ಮಕ್ಕಳು-ಹಿರಿಯರನ್ನು ಅಮೆರಿಕದ ನ್ಯೂ ಹೇವನ್‌ನವರೊಂದಿಗೆ ಹೋಲಿಸಿದರು. ನೆರವು ಬೇಡುವವರಿಗೆ ಆಗದೆ ಹೋಗುವುದು ಅಮೆರಿಕನ್ನರಿಗೆ, ಜೀವ ಹೋಗುವ ಪ್ರಸಂಗ ಬಿಟ್ಟರೆ, ಬಹುಮಟ್ಟಿಗೆ ಅವರವರ ಇಷ್ಟಕ್ಕೆ ಸೇರಿದ ಸಂಗತಿ. ಮೈಸೂರಿನವರಿಗೆ ಸಣ್ಣ ನೆರವನ್ನು ನಿರಾಕರಿಸುವುದೂ ಕರ್ತವ್ಯಲೋಪ. ಗೆಳೆಯನ ಮದುವೆಗೆ ಉಂಗುರ ತಲುಪಿಸಲು ಬೇರೆ ದಾರಿಯಿಲ್ಲದೆ ರೈಲು ಟಿಕೆಟ್ ಕದಿಯಬೇಕಾದಂಥ ಪ್ರಸಂಗದಲ್ಲಿ ಭಾರತೀಯರು ಗೆಳೆಯನಿಗೆ ಕೊಟ್ಟ ಮಾತಿನ ಕಡೆಗೆ, ಅಮೆರಿಕನ್ನರು ಕದಿಯಬಾರದೆಂಬ ನ್ಯಾಯದ ಕಡೆಗೆ ಹೆಚ್ಚಾಗಿ ವಾಲಿದರು. ಕೋಲ್‌ಬರ್ಗನ ಮೂರನೆಯ ಮೆಟ್ಟಿಲೆಂದು ಕಾಣುವುದು ಇಲ್ಲಿ ಋಣದ ಪೂರ್ಣ ನೀತಿಯಾಗಿರಬಹುದು. ಜಾನ್ ಸ್ನೇರಿ 27 ದೇಶಗಳ 45 ಅಧ್ಯಯನಗಳನ್ನು ಪರಿಶೀಲಿಸಿ (1985) ಕಂಡದ್ದೂ ಇಂಥದ್ದೇ: ಮೊದಲ ನಾಲ್ಕು ಹಂತಗಳು ಬಹುತೇಕ ಎಲ್ಲೆಡೆ ಸಿಗುತ್ತವೆ, ಮೇಲಿನವು ಹಳ್ಳಿಗಾಡಿನ ಸಮಾಜಗಳಲ್ಲಿ ಕಾಣುವುದಿಲ್ಲ, ಅಲ್ಲಿಯ ಸಮುದಾಯ ನೀತಿಗೆ ಅಂಕಪಟ್ಟಿಯಲ್ಲಿ ಜಾಗವಿಲ್ಲ.

ಭಾವನೆ, ಅನುಕರಣೆ, ಆಸರೆ

ತರ್ಕವೊಂದೇ ನೀತಿಯಲ್ಲ. ಸಿಗ್ಮಂಡ್ ಫ್ರಾಯ್ಡ್ ಪ್ರಕಾರ ತಂದೆತಾಯಿಯರ ವಿಧಿನಿಷೇಧಗಳು ಮಗುವಿನ ಒಳಗಿಳಿದು 'ಅತ್ಯಹಂ' ಆಗುತ್ತವೆ. ತಪ್ಪಿತಸ್ಥ ಭಾವ ಅದರ ಚಾಟಿ. ಎರಿಕ್ ಎರಿಕ್‌ಸನ್ 1950ರಲ್ಲಿ ವಿವರಿಸಿದ ಎಂಟು ಹಂತಗಳಲ್ಲಿ ಪ್ರಾಥಮಿಕ ಶಾಲೆಯ ವಯಸ್ಸು ದುಡಿಮೆಯ ಹುಮ್ಮಸ್ಸಿಗೂ ಕೀಳರಿಮೆಗೂ ನಡುವಿನ ಹೊಯ್ದಾಟದ ಕಾಲ. ತಾನು ಏನಕ್ಕೂ ಬಾರದವನೆಂಬ ಭಾವ ಈ ವಯಸ್ಸಿನಲ್ಲೇ ಊರಿಬಿಡಬಹುದು. ಪಿಯಾಜೆ ಹುಟ್ಟಿದ ವರ್ಷವೇ ಹುಟ್ಟಿದ ರಷ್ಯದ ಲೆವ್ ವೈಗೋಟ್‌ಸ್ಕಿ (1896-1934), ಇಂದು ಬಲ್ಲವರ ಆಸರೆಯಿಂದ ಮಾಡಿದ್ದನ್ನು ಮಗು ನಾಳೆ ತಾನೇ ಮಾಡುತ್ತದೆ ಎಂದ.

ಆಲ್ಬರ್ಟ್ ಬಂಡೂರ 1961ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 72 ಮಕ್ಕಳಿದ್ದರು. ಹಿರಿಯರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಗುದ್ದಿ ಬೈಯುವುದನ್ನು ಕಂಡ ಮಕ್ಕಳು ಅದೇ ಏಟು, ಅದೇ ಬೈಗುಳಗಳನ್ನು ಮಾಡಿ ತೋರಿದರು. ಮಾರ್ಟಿನ್ ಹಾಫ್‌ಮನ್ ಶಿಸ್ತಿನ ಮೂರು ಬಗೆಗಳನ್ನು ಬಿಡಿಸಿದ: ಹೊಡೆದು ಗದರಿಸುವುದು, ಮಾತು ಬಿಟ್ಟು ಪ್ರೀತಿ ಹಿಂದೆಗೆಯುವುದು, ನಿನ್ನ ಕೆಲಸದಿಂದ ಅವನಿಗೆ ಏನಾಯಿತು ನೋಡು ಎಂದು ತಿಳಿಸುವುದು. ಪರರ ನೋವಿಗೆ ಮಿಡಿಯುವ ಗುಣ ಬೆಳೆಯುವುದು ಮೂರನೆಯದರಿಂದ. ಈ ಗುಣದ ಬೀಜ ತೀರ ಮೊದಲೇ ಇರುವಂತಿದೆ. ಫೆಲಿಕ್ಸ್ ವಾರ್ನಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ ನಡೆಸಿದ ಪ್ರಯೋಗದಲ್ಲಿ (2006) ಹದಿನೆಂಟು ತಿಂಗಳ ಮಕ್ಕಳು, ಅಪರಿಚಿತನ ಕೈಯಿಂದ ಜಾರಿಬಿದ್ದು ಎಟುಕದೆ ಹೋದ ವಸ್ತುವನ್ನು ಯಾರೂ ಹೇಳದೆಯೇ ಎತ್ತಿಕೊಟ್ಟವು.

ಅರಿವಿಗೂ ನಡತೆಗೂ ನಡುವೆ

ನೀತಿ ಶಿಕ್ಷಣದ ಆತ್ಮವಿಶ್ವಾಸಕ್ಕೆ ಮೊದಲ ಪೆಟ್ಟು ಕೊಟ್ಟವರು ಅಮೆರಿಕದ ಹ್ಯೂ ಹಾರ್ಟ್‌ಷಾರ್ನ್ ಮತ್ತು ಮಾರ್ಕ್ ಮೇ. 1928-30ರಲ್ಲಿ ಮೂರು ಸಂಪುಟಗಳಾಗಿ ಬಂದ ಅವರ ಅಧ್ಯಯನದಲ್ಲಿ ಸುಮಾರು 11 ಸಾವಿರ ಶಾಲಾಮಕ್ಕಳಿದ್ದರು. ತಮ್ಮ ಉತ್ತರಪತ್ರಿಕೆಗೆ ತಾವೇ ಅಂಕ ಹಾಕಿಕೊಳ್ಳುವುದು, ಕಣ್ಣುಮುಚ್ಚಿ ಬಿಡಿಸಬೇಕಾದ ಒಗಟು, ಕೈಗೆ ಬಂದ ನಾಣ್ಯ ಹಿಂತಿರುಗಿಸುವುದು ಮೊದಲಾದ ಸನ್ನಿವೇಶಗಳಲ್ಲಿ ಮೋಸಕ್ಕೆ ಅವಕಾಶವಿತ್ತು. ಮಕ್ಕಳಿಗೆ ತಿಳಿಯದಂತೆ ಅದನ್ನು ಪತ್ತೆಹಚ್ಚುವ ಉಪಾಯವೂ ಇತ್ತು. ಪರೀಕ್ಷೆಯಲ್ಲಿ ಕದ್ದ ಕೆಲವರು ಆಟದಲ್ಲಿ ಪ್ರಾಮಾಣಿಕರು, ಆಟದಲ್ಲಿ ಕದ್ದ ಕೆಲವರು ಹಣದಲ್ಲಿ ಶುದ್ಧರು. ಮಕ್ಕಳನ್ನು ಪ್ರಾಮಾಣಿಕ, ಅಪ್ರಾಮಾಣಿಕ ಎಂದು ಎರಡು ಗುಂಪಾಗಿ ವಿಂಗಡಿಸಲಾಗಲಿಲ್ಲ. ಬಹುಮಂದಿಯ ನಡತೆ ಸನ್ನಿವೇಶದೊಂದಿಗೆ ಬದಲಾಯಿತು. ನೀತಿಬೋಧೆಗೂ ಪ್ರಾಮಾಣಿಕತೆಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ಒಂದೊಂದು ತರಗತಿಯ ಮಕ್ಕಳು ಮಾತ್ರ ತಂತಮ್ಮೊಳಗೆ ಹೋಲುತ್ತಿದ್ದರು: ಆ ಕೋಣೆಯ ವಾತಾವರಣ ಹೇಗೋ ಮಕ್ಕಳು ಹಾಗೆ.

ಶಾಲೆಯ ವಿಧಾನಗಳು

ಗುಣಗಳನ್ನು ಹೆಸರಿಸಿ, ಆದರ್ಶ ಪುರುಷರ ಕಥೆ ಹೇಳಿ, ಅಭ್ಯಾಸ ಮಾಡಿಸುವ ಶೀಲ ಶಿಕ್ಷಣ ಎಲ್ಲಕ್ಕಿಂತ ಹಳೆಯದು; ಥಾಮಸ್ ಲಿಕೋನನ 1991ರ ಗ್ರಂಥದಿಂದ ಅಮೆರಿಕದಲ್ಲಿ ಅದಕ್ಕೆ ಮರುಹುಟ್ಟು ಬಂತು. 1966ರಲ್ಲಿ ರೂಪುಗೊಂಡ ಮೌಲ್ಯ ಸ್ಪಷ್ಟೀಕರಣ ವಿಧಾನದಲ್ಲಿ ಶಿಕ್ಷಕ ಯಾವ ಮೌಲ್ಯವನ್ನೂ ಬೋಧಿಸುವುದಿಲ್ಲ. ಮಗು ತನ್ನದನ್ನು ತಾನೇ ಗುರುತಿಸಿಕೊಳ್ಳಲು ನೆರವಾಗುತ್ತಾನೆ. ಹಾಗಾದರೆ ಸುಳ್ಳುಗಾರನ ಮೌಲ್ಯವೂ ಒಂದು ಮೌಲ್ಯವೇ ಎಂಬ ಟೀಕೆಗೆ ಅದು ತುತ್ತಾಯಿತು. ಮ್ಯಾಥ್ಯೂ ಲಿಪ್‌ಮನ್ 1970ರ ದಶಕದಲ್ಲಿ ಆರಂಭಿಸಿದ 'ಮಕ್ಕಳಿಗಾಗಿ ತತ್ತ್ವಶಾಸ್ತ್ರ' ಕಥೆಯೊಂದನ್ನು ಒಟ್ಟಿಗೆ ಓದಿ ಪ್ರಶ್ನೆ ಎತ್ತುವ ವಿಧಾನ.

ಕೋಲ್‌ಬರ್ಗನ ಶಿಷ್ಯ ಮೋಶೆ ಬ್ಲಾಟ್ ಕೆಲವು ವಾರಗಳ ಧರ್ಮಸಂಕಟ ಚರ್ಚೆಯಿಂದ ಸಾಕಷ್ಟು ಮಕ್ಕಳು ಮುಂದಿನ ಹಂತದತ್ತ ಸರಿಯುವುದನ್ನು ತೋರಿಸಿದ. ಚರ್ಚೆ ಸಾಲದು, ಬದುಕೇ ಪಾಠವಾಗಬೇಕೆಂದು ಕೋಲ್‌ಬರ್ಗ್ 1974ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಪ್ರೌಢಶಾಲೆಯೊಂದರ ಒಳಗೇ 'ಕ್ಲಸ್ಟರ್ ಸ್ಕೂಲ್' ಎಂಬ ನ್ಯಾಯಯುತ ಸಮುದಾಯದ ಪ್ರಯೋಗಕ್ಕೆ ಕೈಹಾಕಿದ. ವಾರಕ್ಕೊಂದು ಸಭೆ, ಶಿಕ್ಷಕರಿಗೂ ಒಂದೇ ಮತ, ವಿದ್ಯಾರ್ಥಿಗಳಿಗೂ ಒಂದೇ ಮತ. ಯಾರದೋ ಹಣ ಕಳವಾದಾಗ ಮೊದಮೊದಲು, ಕಳೆದುಕೊಂಡವರ ಹಣೆಬರಹ ಎಂದವರು ಕ್ರಮೇಣ, ಕಳವು ಎಲ್ಲರ ನಾಚಿಕೆ ಎಂಬಲ್ಲಿಗೆ ಬಂದರು. ಹಣ ಮರಳದಿದ್ದರೆ ಎಲ್ಲರೂ ತಲಾ 15 ಸೆಂಟ್ ಹಾಕಿ ತುಂಬಿಕೊಡಬೇಕೆಂದು ಸಭೆ ತೀರ್ಮಾನಿಸಿತು.

ಇತ್ತೀಚೆಗೆ ವ್ಯಾಪಕವಾಗಿರುವುದು ಸಾಮಾಜಿಕ-ಭಾವನಾತ್ಮಕ ಕಲಿಕೆ. ಇಂಥ 213 ಕಾರ್ಯಕ್ರಮಗಳ 2.7 ಲಕ್ಷ ಮಕ್ಕಳ ಮಾಹಿತಿಯನ್ನು ಒಗ್ಗೂಡಿಸಿದ 2011ರ ಸಮೀಕ್ಷೆ ನಡತೆಯಲ್ಲೂ ಓದಿನಲ್ಲೂ ಸುಧಾರಣೆ ಕಂಡಿತು. ಇದಕ್ಕೆ ಎದುರಾಗಿ ಅಮೆರಿಕ ಸರ್ಕಾರದ ಶಿಕ್ಷಣ ಇಲಾಖೆ ಏಳು ಶೀಲ ಶಿಕ್ಷಣ ಕಾರ್ಯಕ್ರಮಗಳನ್ನು 84 ಶಾಲೆಗಳಲ್ಲಿ ಮೂರು ವರ್ಷ ಪರೀಕ್ಷಿಸಿ 2010ರಲ್ಲಿ ಕೊಟ್ಟ ವರದಿಯಲ್ಲಿ ಒಟ್ಟಾರೆ ಪರಿಣಾಮ ಕಾಣಲಿಲ್ಲ. ಜಪಾನ್ 1958ರಿಂದ ವಾರದ ಒಂದು ಅವಧಿಯಾಗಿದ್ದ ನೀತಿ ಪಾಠವನ್ನು 2018ರಿಂದ ಪ್ರಾಥಮಿಕ ಶಾಲೆಗಳಲ್ಲಿ ವಿಶೇಷ ವಿಷಯವಾಗಿಸಿ ಪಠ್ಯಪುಸ್ತಕ ಕೊಟ್ಟಿದೆ. ಅಂಕ ಮಾತ್ರ ಕೊಡುವುದಿಲ್ಲ.

ಕಥೆ, ಬಹುಮಾನ, ಬೆತ್ತ

ಶಾಲೆಗಳಲ್ಲಿ ಬಹುಕಾಲದಿಂದ ಬಳಸುತ್ತ ಬಂದ ಮೂರು ಉಪಕರಣಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಲಾಗಿದೆ. ಕೆನಡಾದ ಕಾಂಗ್ ಲೀ ತಂಡದ ಪ್ರಯೋಗದಲ್ಲಿ (2014) ತೋಳ ಬಂತೆಂದು ಸುಳ್ಳು ಕೂಗಿ ಶಿಕ್ಷೆ ಅನುಭವಿಸುವ ಹುಡುಗನ ಕಥೆ ಕೇಳಿದ ಮಕ್ಕಳು ಸುಳ್ಳು ಹೇಳುವುದನ್ನು ಕಡಿಮೆ ಮಾಡಲಿಲ್ಲ. ನಿಜ ಹೇಳಿ ಮೆಚ್ಚುಗೆ ಪಡೆದ ಹುಡುಗನ ಕಥೆ ಕೇಳಿದವರು ಮಾಡಿದರು. ಪುಣ್ಯಕೋಟಿಯ ಕಥೆ ಈ ಎರಡನೆಯ ಜಾತಿಗೆ ಹತ್ತಿರ. ಟೊರಾಂಟೊದ ಇನ್ನೊಂದು ಪ್ರಯೋಗದಲ್ಲಿ ಹಂಚಿಕೊಳ್ಳುವ ಗುಣ ಹೆಚ್ಚಿದ್ದು ಮನುಷ್ಯ ಪಾತ್ರಗಳ ಕಥೆಯಿಂದ. ಬಟ್ಟೆ ತೊಟ್ಟು ಮಾತಾಡುವ ಪ್ರಾಣಿಗಳ ಕಥೆಯಿಂದ ಅಲ್ಲ. ಪ್ರಾಣಿಕಥೆ ತನಗೆ ತಾನೇ ಅರ್ಥವಾಗುತ್ತದೆ ಎಂದು ಬಿಡದೆ, ಅದು ನಮ್ಮ ಬದುಕಿನಲ್ಲಿ ಎಲ್ಲಿ ಕಾಣುತ್ತದೆ ಎಂದು ಮಾತಾಡಿಸುವುದು ಶಿಕ್ಷಕರ ಕೆಲಸ ಎಂಬುದು ಇದರ ಸೂಚನೆ.

ವಾರ್ನಕೆನ್ ಮತ್ತು ಟೊಮಸೆಲ್ಲೊ 2008ರಲ್ಲಿ, ಸಹಾಯಕ್ಕೆ ಆಟಿಕೆಯ ಬಹುಮಾನ ಪಡೆದ ಇಪ್ಪತ್ತು ತಿಂಗಳ ಮಕ್ಕಳು ಬಹುಮಾನ ನಿಂತಾಗ ಉಳಿದವರಿಗಿಂತ ಕಡಿಮೆ ಸಹಾಯ ಮಾಡಿದ್ದನ್ನು ಕಂಡರು. ಬೆತ್ತದ ಫಲಿತಾಂಶ ಇನ್ನೂ ಸ್ಪಷ್ಟ. ಪಶ್ಚಿಮ ಆಫ್ರಿಕದ ಎರಡು ಶಾಲೆಗಳ ಮೂರು-ನಾಲ್ಕು ವರ್ಷದ ಮಕ್ಕಳನ್ನು ಹೋಲಿಸಿದ 2011ರ ಅಧ್ಯಯನದಲ್ಲಿ ಹೊಡೆಯುವ ಶಾಲೆಯ ಮಕ್ಕಳೇ ಹೆಚ್ಚು ಸುಳ್ಳು ಹೇಳಿದರು, ಹೇಳಿದ ಸುಳ್ಳನ್ನು ಹೆಚ್ಚು ಜಾಣತನದಿಂದ ಮುಚ್ಚಿಟ್ಟರು. 'ದಂಡಂ ದಶಗುಣಂ' ಎಂಬ ಹಳೆಯ ನಂಬಿಕೆಗೆ ಇದು ನೇರ ಉತ್ತರ.

ಭಾರತದಲ್ಲಿ

ಸಂವಿಧಾನದ 28ನೆಯ ವಿಧಿ ಪೂರ್ತಿ ಸರ್ಕಾರಿ ಹಣದಿಂದ ನಡೆಯುವ ಶಾಲೆಗಳಲ್ಲಿ ಧರ್ಮಬೋಧೆಯನ್ನು ನಿಷೇಧಿಸುತ್ತದೆ. ಹೀಗಾಗಿ ಮತಬೋಧೆಯಿಂದ ನೀತಿಯನ್ನು ಬಿಡಿಸುವ ಫ್ರಾನ್ಸಿನ ಸಮಸ್ಯೆ ಇಲ್ಲಿಯದೂ ಆಯಿತು. 1959ರ ಶ್ರೀಪ್ರಕಾಶ ಸಮಿತಿ ಧಾರ್ಮಿಕ ಮತ್ತು ನೈತಿಕ ಶಿಕ್ಷಣದ ಸಾಧ್ಯತೆಯನ್ನು ಪರಿಶೀಲಿಸಿತು. ಕೊಠಾರಿ ಆಯೋಗ (1964-66) ವಾರಕ್ಕೆ ಒಂದೆರಡು ಅವಧಿಯನ್ನು ಮೌಲ್ಯಗಳಿಗೆ ಮೀಸಲಿಡಲು ಹೇಳಿತಾದರೂ, ಶಾಲೆಯ ಒಟ್ಟು ವಾತಾವರಣ ಮತ್ತು ಶಿಕ್ಷಕರ ನಡತೆಗೇ ಹೆಚ್ಚು ಒತ್ತು ಕೊಟ್ಟಿತು. 1999ರಲ್ಲಿ ಎಸ್.ಬಿ. ಚವಾಣ್ ನೇತೃತ್ವದ ಸಂಸದೀಯ ಸಮಿತಿ ಸತ್ಯ, ಸದಾಚಾರ, ಶಾಂತಿ, ಪ್ರೀತಿ, ಅಹಿಂಸೆ ಎಂಬ ಐದನ್ನು ಮೂಲ ಮೌಲ್ಯಗಳೆಂದಿತು. ಧರ್ಮಗಳ ಬಗ್ಗೆ ತಿಳಿಸುವುದು ಧರ್ಮಬೋಧೆಯಲ್ಲವೆಂದು ಅರುಣಾ ರಾಯ್ ಪ್ರಕರಣದಲ್ಲಿ (2002) ಸುಪ್ರೀಂ ಕೋರ್ಟ್ ಹೇಳಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಂತಿಗಾಗಿ ಶಿಕ್ಷಣವನ್ನು ಎಲ್ಲ ವಿಷಯಗಳೊಳಗೆ ಹೆಣೆಯಲು ಸೂಚಿಸಿತು. 2018ರಲ್ಲಿ ದೆಹಲಿ ಸರ್ಕಾರ ತನ್ನ ಶಾಲೆಗಳಲ್ಲಿ ಸಂತೋಷ ಪಠ್ಯಕ್ರಮ ಆರಂಭಿಸಿತು. 2020ರ ಶಿಕ್ಷಣ ನೀತಿ ನೈತಿಕ ವಿವೇಚನೆಯನ್ನೂ ಪಂಚತಂತ್ರ, ಜಾತಕ, ಹಿತೋಪದೇಶದ ಕಥೆಗಳನ್ನೂ ಹೆಸರಿಸುತ್ತದೆ.

ಸಮಿತಿಗಳಿಗಿಂತ ಮೊದಲೇ ಪ್ರಯೋಗ ಮಾಡಿದವರಿದ್ದರು. 1901ರಲ್ಲಿ ಶಾಂತಿನಿಕೇತನದ ಶಾಲೆ ತೆರೆದ ರವೀಂದ್ರನಾಥ ಟಾಗೋರ್, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿದ ಗಿಜುಭಾಯಿ ಬಧೇಕಾ, 1937ರಲ್ಲಿ ವಾರ್ಧಾದಲ್ಲಿ ಕೈಕೆಲಸದ ಮೂಲಕ ಶಿಕ್ಷಣವನ್ನು ಮುಂದಿಟ್ಟ ಗಾಂಧೀಜಿ ಇವರಲ್ಲಿ ಮುಖ್ಯರು. ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಪುಂಡ ಹುಡುಗನೊಬ್ಬನಿಗೆ ರೂಲಿನಿಂದ ಹೊಡೆದದ್ದನ್ನು ಗಾಂಧೀಜಿ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹೊಡೆಯುವಾಗ ಅವರೇ ನಡುಗುತ್ತಿದ್ದರು. ತನ್ನೊಳಗಿನ ಪಶುವನ್ನು ಆ ದಿನ ಹುಡುಗನಿಗೆ ತೋರಿಸಿದೆನಲ್ಲಾ ಎಂಬ ಪಶ್ಚಾತ್ತಾಪ ಆತ್ಮಕಥೆ ಬರೆಯುವಾಗಲೂ ಉಳಿದಿತ್ತು.

ಕರ್ನಾಟಕದಲ್ಲಿ

ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಅದೇ ಪರಂಪರೆಯ ಭಾರತ ಸೇವಾದಳದ ಘಟಕಗಳು ಇಂದಿಗೂ ರಾಜ್ಯದ ಶಾಲೆಗಳಲ್ಲಿವೆ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕಗಳ ಮೂಲಕ ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದರು. ಮೈಸೂರಿನ ಯಾದವಗಿರಿಯ ರಾಮಕೃಷ್ಣ ಆಶ್ರಮ 1974ರಲ್ಲಿ ನೈತಿಕ ಮತ್ತು ಆಧ್ಯಾತ್ಮಿಕ ಶಿಕ್ಷಣಕ್ಕೆಂದೇ ಸಂಸ್ಥೆಯೊಂದನ್ನು ತೆರೆದು ಶಿಕ್ಷಕರನ್ನು ತರಬೇತುಗೊಳಿಸುತ್ತ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಹದಿಹರೆಯದವರಿಗಾಗಿ ಜೀವನ ಕೌಶಲ ಶಿಕ್ಷಣದ ಮಾದರಿ ರೂಪಿಸಿದೆ. ಬೆಳಗಿನ ಪ್ರಾರ್ಥನೆಯ ನಂತರದ ನುಡಿಮುತ್ತು, ಮಂತ್ರಿಮಂಡಲವಿರುವ ಶಾಲಾ ಸಂಸತ್ತು, ಗ್ರಾಮ ಪಂಚಾಯಿತಿಗಳಲ್ಲಿ ಸೇರುವ ಮಕ್ಕಳ ಗ್ರಾಮಸಭೆ ಇಲ್ಲಿಯ ರೂಢಿಯ ವ್ಯವಸ್ಥೆಗಳು. ಶಾಲೆಗೆ ಶೌಚಾಲಯವಿಲ್ಲ, ಬರುವ ದಾರಿಯಲ್ಲಿ ದೀಪವಿಲ್ಲ ಎಂದು ಮಕ್ಕಳು ಎದ್ದುನಿಂತು ಕೇಳುವ, ಹಿರಿಯರು ಉತ್ತರ ಕೊಡಬೇಕಾದ ಸಭೆ ಕೋಲ್‌ಬರ್ಗನ ಪ್ರಯೋಗಕ್ಕೆ ತೀರ ದೂರದ್ದಲ್ಲ. ಆದರೆ ಚುನಾವಣೆಯ ದಿನ ಬೆರಳಿಗೆ ಶಾಯಿ ಹಚ್ಚಿ ಸಂಭ್ರಮಿಸಿದ ಸಂಸತ್ತು ವರ್ಷವಿಡೀ ಒಂದೂ ನಿಯಮವನ್ನು ತಾನಾಗಿ ಮಾಡದಿದ್ದರೆ, ಆಹಾರ ಮಂತ್ರಿಯ ಕೆಲಸ ಬಿಸಿಯೂಟದ ಸಾಲು ನಿಲ್ಲಿಸುವುದಷ್ಟೇ ಆದರೆ, ಮಕ್ಕಳು ಅಲ್ಲಿ ಕಲಿಯುವುದು ಆಜ್ಞಾಪಾಲನೆಯನ್ನೇ.

ಮೌಲ್ಯಮಾಪನ

ಈ ಸಿದ್ಧಾಂತಗಳು ಹಂತಗಳ ಸಂಖ್ಯೆಯಲ್ಲಿ, ನ್ಯಾಯ ಮೊದಲೋ ಕರುಣೆ ಮೊದಲೋ ಎಂಬುದರಲ್ಲಿ, ನೀತಿ ಎಲ್ಲ ನಾಡಿಗೂ ಒಂದೇ ಎಂಬುದರಲ್ಲಿ ಒಮ್ಮತಕ್ಕೆ ಬಂದಿಲ್ಲ. ಮಗು ನೀತಿಯನ್ನು ಕೇಳಿಸಿಕೊಂಡು ತುಂಬಿಕೊಳ್ಳುವುದಿಲ್ಲ, ಸರೀಕರೊಂದಿಗೆ ಬಾಳಿ, ಹಿರಿಯರನ್ನು ನೋಡಿ ತಾನೇ ಕಟ್ಟಿಕೊಳ್ಳುತ್ತದೆ ಎಂಬಲ್ಲಿ ಮಾತ್ರ ಬಹುಪಾಲು ಒಂದಾಗಿವೆ. ಹೊಡೆತದ ವಿಷಯದಲ್ಲಿ ಕಾನೂನೂ ಇದೇ ಕಡೆಗಿದೆ: 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ನೀತಿ ಪಾಠಕ್ಕೆ ವಾರದಲ್ಲಿ ಒಂದೆರಡು ಅವಧಿ ಸಿಗಬಹುದು, ಸಿಗದೆಯೂ ಹೋಗಬಹುದು. ಗಣಿತದ ತಪ್ಪಿಗೆ ನಕ್ಕ ತರಗತಿಯನ್ನು ಶಿಕ್ಷಕಿ ಹೇಗೆ ನಿಭಾಯಿಸಿದರು, ಆಟದ ಅಂಗಳದ ದೂರನ್ನು ಯಾರ ಮಾತು ಕೇಳಿ ತೀರಿಸಿದರು, ಸೀಮೆಸುಣ್ಣವನ್ನು ಯಾರ ಕೈಗೆ ಯಾತಕ್ಕಾಗಿ ಕೊಟ್ಟರು ಎಂಬುದರ ಮೂಲಕ ಉಳಿದೆಲ್ಲ ಅವಧಿಗಳಲ್ಲೂ ನೀತಿಯ ಪಾಠ ನಡೆದೇ ಇರುತ್ತದೆ.